ರೆಪ್ಪೆ ಮೇಲಿನ ಕೆಂಪು ಮಚ್ಚೆ: ಕಾಯುವುದು ಚಿಕಿತ್ಸೆಯಲ್ಲ

ಹುಟ್ಟುಮಚ್ಚೆಯ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಅದು ಬರುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತದೆ. ಹಾಗಾಗಿ ಈ ಸಲ ಜಾಗವೆಲ್ಲ ಬಹುಪಾಲು ಅದಕ್ಕೇ.

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ಹುಟ್ಟಿದಾಗ ಏನೂ ಇರಲಿಲ್ಲ. ಮೂರನೇ ವಾರದಲ್ಲಿ ಮೇಲ್ರೆಪ್ಪೆಯ ಮೇಲೆ ಸೊಳ್ಳೆ ಕಚ್ಚಿದಂಥ ಕೆಂಪು ಚುಕ್ಕೆ ಕಂಡಿತು, ಈಗ ಉಬ್ಬಿ ಬಟಾಣಿಯಷ್ಟಾಗಿದೆ. ಐದು ವರ್ಷದೊಳಗೆ ತಾನಾಗಿ ಕರಗುತ್ತದೆ, ಮುಟ್ಟಬೇಡಿ ಎನ್ನುತ್ತಾರೆ. ಕಾಯಬಹುದೇ?

ಬೇಡ. ರೆಪ್ಪೆಯ ಮೇಲಿರುವುದರಿಂದ ಒಂದು ವಾರವೂ ಕಾಯಬೇಡಿ.

ನೀವು ವಿವರಿಸಿದ್ದು ಶಿಶುಗಳ ಹೆಮಾಂಜಿಯೋಮಾ, ಅಂದರೆ ರಕ್ತನಾಳದ ಜೀವಕೋಶಗಳು ಅತಿಯಾಗಿ ಬೆಳೆದು ಆಗುವ ಗಂಟು. ಕ್ಯಾನ್ಸರ್ ಅಲ್ಲ. ತಾನಾಗಿ ಇಳಿಯುತ್ತದೆ ಎಂಬ ಮಾತೂ ಸುಳ್ಳಲ್ಲ. ಒಂದು ವರ್ಷದ ಹೊತ್ತಿಗೆ ಮೆತ್ತಗಾಗಿ, ನಾಲ್ಕು ವರ್ಷದೊಳಗೆ ಬಹುಪಾಲು ಕುಗ್ಗುತ್ತದೆ. ಆದರೆ ಹಾನಿಯಾಗುವುದು ಅದಕ್ಕೂ ಬಹಳ ಮೊದಲು. ಐದರಿಂದ ಏಳನೇ ವಾರದ ನಡುವೆ ಬೆಳವಣಿಗೆ ಅತಿ ಜೋರು. ಮೂರು ತಿಂಗಳಾಗುವಷ್ಟರಲ್ಲಿ ಅದು ತನ್ನ ಕೊನೆಯ ಗಾತ್ರದ ಸುಮಾರು 80% ಮುಟ್ಟಿರುತ್ತದೆ. ರೆಪ್ಪೆಯ ಗಂಟು ಕಣ್ಣುಗುಡ್ಡೆಯನ್ನು ಒತ್ತಿ ಅದರ ಆಕಾರ ಕೆಡಿಸುತ್ತದೆ, ಇಲ್ಲವೇ ಪಾಪೆಯನ್ನು ಮುಚ್ಚುತ್ತದೆ. ಆಗ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ನಾಲ್ಕು ವರ್ಷಕ್ಕೆ ಗಂಟು ಕರಗಿದರೂ ಕಳೆದ ದೃಷ್ಟಿ ತಾನಾಗಿ ಮರಳುವುದಿಲ್ಲ. ಅಪಾಯದ ಜಾಗದಲ್ಲಿದ್ದರೆ ಒಂದು ತಿಂಗಳ ವಯಸ್ಸಿನೊಳಗೇ ತಜ್ಞರು ನೋಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲೇ ಹೇಳಿದೆ. ಇಷ್ಟಾದ ಮೇಲೂ "ಕಾದು ನೋಡಿ" ಎಂದು ಕಳಿಸುವ ವೈದ್ಯರಿದ್ದಾರೆ, ಅದೇ ನನಗೆ ಸಿಟ್ಟು.

ರೆಪ್ಪೆಯೊಂದೇ ಅಲ್ಲ. ಮೂಗಿನ ತುದಿ ಮತ್ತು ತುಟಿಯ ಮೇಲಿನದು ಇಳಿದ ಮೇಲೂ ಆಕಾರ ಕೆಟ್ಟೇ ಉಳಿಯುತ್ತದೆ. ಗಲ್ಲ, ದವಡೆ, ಕುತ್ತಿಗೆಯ ಮುಂಭಾಗದಲ್ಲಿ ಹರಡಿದ್ದರೆ ಶ್ವಾಸನಾಳದೊಳಗೂ ಇರಬಹುದು. ಉಸಿರಾಡುವಾಗ ಗೊರಗೊರ ಸದ್ದು ಬಂದರೆ ಆ ದಿನವೇ ಆಸ್ಪತ್ರೆ. ಸೊಂಟದ ನಡುಗೆರೆಯ ಮೇಲಿದ್ದರೆ ಬೆನ್ನುಹುರಿಯ ಸ್ಕ್ಯಾನ್ ಬೇಕು. ಮೈಮೇಲೆ ಐದು ಅಥವಾ ಹೆಚ್ಚು ಇದ್ದರೆ, ಒಂದೊಂದೂ ಸಣ್ಣದೇ ಆಗಿದ್ದರೂ, ಯಕೃತ್ತಿನ ಅಲ್ಟ್ರಾಸೌಂಡ್ ಬೇಕು. ಯಕೃತ್ತಿನೊಳಗಿನ ದೊಡ್ಡ ಗಂಟುಗಳು ಥೈರಾಯ್ಡ್ ಹಾರ್ಮೋನನ್ನೇ ನಾಶ ಮಾಡುತ್ತವೆ. ಬೆನ್ನಿನ ಮೇಲೋ ತೋಳಿನ ಮೇಲೋ ಒಂದೇ ಒಂದು ಸಣ್ಣದಿದ್ದು ಹುಣ್ಣಾಗದಿದ್ದರೆ, ಅದನ್ನು ಮಾತ್ರ ತಿಂಗಳಿಗೊಂದು ಫೋಟೊ ತೆಗೆದು ಗಮನಿಸಬಹುದು. ಪಕ್ಕದಲ್ಲಿ ಸ್ಕೇಲ್ ಇಟ್ಟೇ ಫೋಟೊ ತೆಗೆಯಿರಿ.

ಔಷಧ ಪ್ರೊಪ್ರನೊಲಾಲ್. ಹೃದಯಕ್ಕೆಂದು ಕೊಟ್ಟ ಈ ಔಷಧದಿಂದ ಹೆಮಾಂಜಿಯೋಮಾ ಮೆತ್ತಗಾದದ್ದನ್ನು ಫ್ರಾನ್ಸಿನ ಬೋರ್ಡೊದ ವೈದ್ಯರು 2008ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಮುಖ್ಯ ಔಷಧ ಸ್ಟೀರಾಯ್ಡ್ ಆಗಿತ್ತು. 460 ಶಿಶುಗಳ ಮೇಲಿನ ಪರೀಕ್ಷೆಯ ಫಲ 2015ರಲ್ಲಿ ಬಂತು: ದಿನಕ್ಕೆ ಕಿಲೋಗೆ 3 ಮಿ.ಗ್ರಾಂ.ನಂತೆ ಆರು ತಿಂಗಳು ಪಡೆದವರಲ್ಲಿ 60% ಮಕ್ಕಳ ಗಂಟು ಪೂರ್ತಿ ಅಥವಾ ಬಹುತೇಕ ಹೋಯಿತು. ಹೋಲಿಕೆಗೆಂದು ಔಷಧವಿಲ್ಲದ ಖಾಲಿ ದ್ರವ ಪಡೆದವರಲ್ಲಿ ಅದು 4%.

ಸಾಮಾನ್ಯವಾಗಿ ಕಿಲೋಗೆ 1 ಮಿ.ಗ್ರಾಂ.ನಿಂದ ಶುರುಮಾಡಿ 2 ಅಥವಾ 3ಕ್ಕೆ ಏರಿಸುತ್ತೇವೆ, ದಿನಕ್ಕೆ ಎರಡು ಸಲವಾಗಿ ಹಂಚಿ. ಮೊದಲ ಡೋಸ್ ಕೊಟ್ಟು ಎರಡು ತಾಸು ನಾಡಿಬಡಿತ, ರಕ್ತದೊತ್ತಡ ನೋಡಬೇಕು. ಮುಖದ ಒಂದು ಪಾಲನ್ನೇ ಆವರಿಸಿದ ದೊಡ್ಡ ಮಚ್ಚೆಯಾದರೆ ಶುರುಮಾಡುವ ಮೊದಲೇ ಹೃದಯದ ಎಕೋ, ಮಿದುಳಿನ ರಕ್ತನಾಳಗಳ ಎಂಆರ್‌ಐ ಆಗಬೇಕು.

ಎಡವಟ್ಟಾಗುವುದು ಮನೆಯಲ್ಲಿ. ಹಾಲು ಕುಡಿಸುವಾಗ ಅಥವಾ ಕುಡಿಸಿದ ಕೂಡಲೇ ಔಷಧ ಕೊಡಿ. ಮಗು ಹಾಲು ಬಿಟ್ಟಿದ್ದರೆ, ವಾಂತಿ ಮಾಡುತ್ತಿದ್ದರೆ ಆ ಡೋಸ್ ಬೇಡವೇ ಬೇಡ, ಏಕೆಂದರೆ ರಕ್ತದ ಸಕ್ಕರೆ ಕುಸಿಯುತ್ತದೆ. ತಣ್ಣನೆ ಬೆವರು, ನಡುಕ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಹಾಲು ಕುಡಿಸಿ ಆಸ್ಪತ್ರೆಗೆ ಓಡಿ. ಮಂಪರಿನಲ್ಲಿ ನುಂಗದಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ. ರಾತ್ರಿ ಡೋಸ್ ಕೊಟ್ಟು ಬೆಳಗಿನವರೆಗೆ ಹಾಲಿಲ್ಲದೆ ಮಲಗಿಸಬೇಡಿ. ಉಬ್ಬಸ ಶುರುವಾದರೆ ಔಷಧ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸಿರಪ್ ಬದಲಾದಾಗ ಲೇಬಲ್ ಓದಿ. 5 ಕಿಲೋ ಮಗುವಿಗೆ ಕಿಲೋಗೆ 2 ಮಿ.ಗ್ರಾಂ. ಎಂದರೆ ದಿನಕ್ಕೆ 10, ಅಂದರೆ ಸಲಕ್ಕೆ 5 ಮಿ.ಗ್ರಾಂ. ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ ಅದು 5 ಮಿ.ಲೀ. ಮಿ.ಲೀ.ಗೆ 4 ಮಿ.ಗ್ರಾಂ. ಇರುವ ಸಿರಪ್ಪನ್ನೂ ಅದೇ 5 ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟು ಹೋಯಿತು. "ಎಷ್ಟು ಮಿ.ಲೀ." ಎಂದಷ್ಟೇ ಕೇಳಿ ಮನೆಗೆ ಬರಬೇಡಿ. ಬಣ್ಣ ಮಾಸಿತು ಎಂದು ಮೂರೇ ತಿಂಗಳಿಗೆ ನೀವೇ ನಿಲ್ಲಿಸಿದರೆ ಗಂಟು ಮತ್ತೆ ಬೆಳೆಯಬಹುದು. ಕನಿಷ್ಠ ಆರು ತಿಂಗಳು, ಎಷ್ಟೋ ಮಕ್ಕಳಿಗೆ ಒಂದು ವರ್ಷ ತುಂಬುವವರೆಗೆ ಬೇಕು.

ಕಡುಗೆಂಪು ಮಚ್ಚೆಯ ನಡುವೆ ಬೂದುಬಿಳಿ ತೇಪೆ ಕಾಣಿಸಿಕೊಂಡರೆ ವಾಸಿಯಾಗುತ್ತಿದೆ ಎಂದು ಖುಷಿಪಡುತ್ತಾರೆ. ನಾಲ್ಕು ತಿಂಗಳೊಳಗಿನ ಮಗುವಿನಲ್ಲಿ ಅದು ಚರ್ಮ ಒಡೆದು ಹುಣ್ಣಾಗುವ ಮುನ್ಸೂಚನೆ. ತುಟಿ, ಕುತ್ತಿಗೆಯ ಮಡಿಕೆ, ಡೈಪರ್ ಜಾಗದಲ್ಲಿ ಇದು ಹೆಚ್ಚು. ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅಂಟದ ಡ್ರೆಸ್ಸಿಂಗ್ ಹಾಕಿ ತೋರಿಸಿ. ರಕ್ತ ಬಂದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ನಿಲ್ಲುವುದಿಲ್ಲ.

ಪ್ರಶ್ನೆ: ಮಗನಿಗೆ ಹುಟ್ಟಿದಾಗಿನಿಂದ ಹಣೆಯ ಒಂದು ಬದಿಗೆ ಚಪ್ಪಟೆ ಕೆಂಪು ಮಚ್ಚೆ ಇದೆ. ಇವನಿಗೂ ಅದೇ ಸಿರಪ್ ಕೊಡಬಹುದೇ?

ಕೊಡಬೇಡಿ, ಪ್ರಯೋಜನವಿಲ್ಲ. ಹುಟ್ಟಿದಾಗಲೇ ಇದ್ದು, ಉಬ್ಬದೆ, ಮಗುವಿನ ಜೊತೆ ಅದೇ ಪ್ರಮಾಣದಲ್ಲಿ ಬೆಳೆಯುವುದು ಪೋರ್ಟ್‌ವೈನ್ ಮಚ್ಚೆ. ಅದು ತಾನಾಗಿ ಹೋಗದು. ಪಲ್ಸ್ಡ್ ಡೈ ಲೇಸರ್‌ನಿಂದ ಬಣ್ಣ ತಗ್ಗುತ್ತದೆ. ಹಣೆ, ಮೇಲ್ರೆಪ್ಪೆಯ ಮೇಲಿದ್ದರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಕೆಡಿಸುವ ರೋಗ) ಮತ್ತು ಫಿಟ್ಸ್ ಬರುವ ಸಾಧ್ಯತೆ ಇರುವುದರಿಂದ ಮೊದಲು ಕಣ್ಣಿನ ವೈದ್ಯರು, ಮಕ್ಕಳ ನರರೋಗ ತಜ್ಞರು ನೋಡಲಿ. ಲೇಸರ್ ಆಮೇಲೆ.

ಪ್ರಶ್ನೆ: ಬಸುರಿಯ ಬಯಕೆ ತೀರದಿದ್ದರೆ ಮಗುವಿಗೆ ಮಚ್ಚೆ ಬರುತ್ತದೆಯೇ?

ಇಲ್ಲ. ಪೋರ್ಟ್‌ವೈನ್ ಮಚ್ಚೆಗೆ ಸಾಮಾನ್ಯ ಕಾರಣ ಜಿಎನ್‌ಎಕ್ಯು ಎಂಬ ಜೀನಿನ ಬದಲಾವಣೆ ಎಂದು 2013ರಲ್ಲೇ ಗೊತ್ತಾಗಿದೆ. ಅದು ಗರ್ಭ ನಿಂತ ಮೇಲೆ ಭ್ರೂಣದ ಒಂದು ಜೀವಕೋಶದಲ್ಲಿ ಆಗುವಂಥದ್ದು. ತಾಯಿಯನ್ನು ದೂರುವುದು ನಿಲ್ಲಿಸಿ.

ಪ್ರಶ್ನೆ: ಮುಖದ ಕಪ್ಪು ಮಚ್ಚೆಗೆ ಸುಟ್ಟು ಉದುರಿಸುವ ಮುಲಾಮು ಹಚ್ಚಬಹುದೇ?

ಕೂಡದು. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿದ್ದರೆ ಮೇಲ್ಪದರ ಸುಟ್ಟು, ಬೇರು ಒಳಗೇ ಬೆಳೆಯುತ್ತದೆ, ಎಷ್ಟು ಆಳವಿತ್ತೆಂದು ಅಳೆಯಲು ಏನೂ ಉಳಿಯುವುದಿಲ್ಲ. ಕತ್ತರಿಸಿ ತೆಗೆಸಿ, ತೆಗೆದ ತುಂಡನ್ನು ಪ್ಯಾಥಾಲಜಿಗೆ ಕಳಿಸಿ. ಈ ಮುಲಾಮು ಮಾರುವವರು ರೋಗಿಯ ಜೀವದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ಮಚ್ಚೆಯಲ್ಲಿನ ಕೂದಲು ಕಿತ್ತರೆ ಕ್ಯಾನ್ಸರ್ ಬರುತ್ತದೆಯೇ?

ಬರುವುದಿಲ್ಲ.

ಪ್ರಶ್ನೆ: ಕೂಸಿನ ಕುಂಡಿಯ ಮೇಲೆ ನೀಲಿ ಕಲೆ ಇದೆ, ಏನು ಮಾಡಲಿ?

ಚಿಕಿತ್ಸೆ ಬೇಡ, ಶಾಲೆಗೆ ಹೋಗುವ ವಯಸ್ಸಿಗೆ ಬಹುಪಾಲು ಮಾಸುತ್ತದೆ. ಆದರೆ ಯಾರೂ ಮುಂದೆ ಅದನ್ನು ಪೆಟ್ಟಿನ ಗುರುತು ಎಂದುಕೊಳ್ಳದಂತೆ ಮಗುವಿನ ಆರೋಗ್ಯದ ಪುಸ್ತಕದಲ್ಲಿ ಈಗಲೇ ಬರೆಸಿಡಿ.