ಚಿತ್ರದುರ್ಗದ ಕೋಟೆ ಬಂಡೆ ಎಷ್ಟು ಆಳದಲ್ಲಿ, ಎಷ್ಟು ಬಿಸಿಯಲ್ಲಿ ಗಟ್ಟಿಯಾಯಿತು ಅಂತ ಖನಿಜ ನೋಡಿ ಹೇಳಬಹುದಾ?

ಹೇಳಬಹುದು. ಆದರೆ ನೀವು ಬರೆದ ಹಾಗೆ ಒಂದು ಚೂರು ಕಲ್ಲನ್ನು ಲ್ಯಾಬಿಗೆ ಕೊಟ್ಟು, ಬಂದ ಅಂಕಿಗಳನ್ನು ಎಕ್ಸೆಲ್ ಶೀಟಿಗೆ ಹಾಕಿದರೆ ಸಾಲದು. ಶೀಟು ಏನು ಹಾಕಿದರೂ ಒಂದು ಉತ್ತರ ಕೊಡುತ್ತದೆ, ತೊಂದರೆ ಇರುವುದೇ ಅಲ್ಲಿ.

ಕೋಟೆ ಇರುವುದು ಗ್ರಾನೈಟ್ ಮೇಲೆ. ವಯಸ್ಸು ಸುಮಾರು 260 ಕೋಟಿ ವರ್ಷ. ಇಷ್ಟು ಹಳೆಯ ಕಲ್ಲಲ್ಲಿ ಈಗ ಕಾಣುವ ಖನಿಜ ಮ್ಯಾಗ್ಮಾದಿಂದಲೇ, ಅಂದರೆ ಕರಗಿದ ಕಲ್ಲಿನಿಂದಲೇ ಹುಟ್ಟಿದ್ದಾ, ಆಮೇಲೆ ಬದಲಾಗಿದ್ದಾ ಅಂತ ಮೊದಲು ನೋಡಬೇಕು. ಅದಕ್ಕೆ ಥಿನ್ ಸೆಕ್ಷನ್ ಬೇಕು. ಅಂದರೆ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದ ಕಲ್ಲಿನ ಹಾಳೆ.

ಆಳ ತಿಳಿಯಲು ಜಾಸ್ತಿ ಬಳಸುವುದು ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜ. ಒತ್ತಡ ಏರಿದಷ್ಟೂ ಅದರೊಳಗೆ ಅಲ್ಯೂಮಿನಿಯಂ ಹೆಚ್ಚು ಸೇರುತ್ತದೆ. 1992ರಲ್ಲಿ ಭೂವಿಜ್ಞಾನಿ ಶ್ಮಿಟ್ ಕೊಟ್ಟ ಸೂತ್ರದಲ್ಲಿ ಅಲ್ಯೂಮಿನಿಯಂ ಸಂಖ್ಯೆಯನ್ನು (ಖನಿಜದ ರಾಸಾಯನಿಕ ಸೂತ್ರದಲ್ಲಿ ಇರುವ ಅಲ್ಯೂಮಿನಿಯಂ ಪರಮಾಣುಗಳ ಲೆಕ್ಕ) 4.76ರಿಂದ ಗುಣಿಸಿ 3.01 ಕಳೆಯಬೇಕು. ಉತ್ತರ ಕಿಲೋಬಾರ್‌ನಲ್ಲಿ ಬರುತ್ತದೆ, ಅದು ಒತ್ತಡದ ಅಳತೆ. ಸಂಖ್ಯೆ 1.5 ಅಂದುಕೊಳ್ಳಿ, ಸುಮಾರು 4.1 ಕಿಲೋಬಾರ್ ಆಯಿತು. ಅಂದರೆ ಹೆಚ್ಚುಕಡಿಮೆ 15 ಕಿಲೋಮೀಟರ್ ಆಳ. ಸೂತ್ರದಲ್ಲೇ 0.6 ಕಿಲೋಬಾರ್ ಹಿಂದೆಮುಂದೆ ಇದೆ, ಹಾಗಾಗಿ ಎರಡು ಕಿಲೋಮೀಟರ್ ಆಚೀಚೆ ಆಗೇ ಆಗುತ್ತದೆ. ಜೊತೆಗೆ ಬೆಣಚು, ಎರಡೂ ಬಗೆಯ ಫೆಲ್ಡ್‌ಸ್ಪಾರ್ (ಸೋಡಿಯಂ ಇರುವುದು, ಪೊಟ್ಯಾಸಿಯಂ ಇರುವುದು), ಬಯೋಟೈಟ್ ಅಂದರೆ ಕಪ್ಪು ಅಭ್ರಕ, ಟೈಟನೈಟ್, ಮ್ಯಾಗ್ನೆಟೈಟ್ ಅಥವಾ ಇಲ್ಮೆನೈಟ್ ಖನಿಜಗಳು, ಇವೆಲ್ಲ ಒಟ್ಟಿಗೆ ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಬರೀ ಬಯೋಟೈಟ್ ಇರುವ ಗ್ರಾನೈಟ್ ಸಿಕ್ಕರೆ ಈ ದಾರಿ ಮುಚ್ಚಿತು. ಅಳೆಯುವುದು ಹರಳಿನ ಅಂಚಿನಲ್ಲಿ, ಮೈಕ್ರೋಪ್ರೋಬ್‌ನಿಂದ, ಅಂದರೆ ಹರಳಿನ ಸಣ್ಣ ಚುಕ್ಕೆಯೊಂದರ ರಚನೆ ಹೇಳುವ ಉಪಕರಣದಿಂದ. ಇಡೀ ಕಲ್ಲನ್ನು ಪುಡಿ ಮಾಡಿದ ವಿಶ್ಲೇಷಣೆ ಇದಕ್ಕೆ ಬರುವುದಿಲ್ಲ.

ಬಿಸಿಗೆ ಎರಡು ಫೆಲ್ಡ್‌ಸ್ಪಾರ್‌ಗಳನ್ನು ಹೋಲಿಸುತ್ತಾರೆ. ಆದರೆ ಗ್ರಾನೈಟ್ ನಿಧಾನ ಆರುವಾಗ ಅವು ಸೋಡಿಯಂ, ಪೊಟ್ಯಾಸಿಯಂ ಅದಲುಬದಲು ಮಾಡಿಕೊಳ್ಳುತ್ತಲೇ ಇರುತ್ತವೆ. 450 ಡಿಗ್ರಿ ಬಂತು ಅಂದರೆ ಅದು ಮ್ಯಾಗ್ಮಾದ ಬಿಸಿ ಅಲ್ಲವೇ ಅಲ್ಲ. ನೀರಿರುವ ಗ್ರಾನೈಟ್ ಮ್ಯಾಗ್ಮಾ ಕೂಡ ಸುಮಾರು 650 ಡಿಗ್ರಿ ಹೊತ್ತಿಗೆ ಪೂರ್ತಿ ಗಟ್ಟಿಯಾಗಿರುತ್ತದೆ. ನನಗೆ ಜಿರ್ಕಾನ್ ಎಂಬ ಗಟ್ಟಿ ಖನಿಜದ ಮೇಲೆ ನಂಬಿಕೆ ಹೆಚ್ಚು. ಬಿಸಿ ಹೆಚ್ಚಿದಷ್ಟೂ ಅದರೊಳಗೆ ಟೈಟಾನಿಯಂ ಹೆಚ್ಚು ಸೇರುತ್ತದೆ, ಸೇರಿದ್ದು ಸುಲಭಕ್ಕೆ ಜಾಗ ಬಿಡುವುದಿಲ್ಲ. ಹಳೆಯ ಕಲ್ಲಿನಿಂದ ಎತ್ತಿಕೊಂಡು ಬಂದ ಜಿರ್ಕಾನ್ ಕೂಡ ಇರಬಹುದು, ಅದನ್ನು ವಯಸ್ಸು ನೋಡಿ ಬೇರೆ ಮಾಡಬೇಕು.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ, ಅಂದರೆ ದಿಂಬುಗಳ ಆಕಾರದಲ್ಲಿ ಗಟ್ಟಿಯಾದ ಬಸಾಲ್ಟ್ ಲಾವಾ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಕಥೆ ಬೇರೆ. ನೀರಿನಡಿ ಉಕ್ಕಿದ ಲಾವಾ ಅಂತ ಆಕಾರವೇ ಹೇಳುತ್ತದೆ, ಅದಕ್ಕೆ ಯಾವ ಲೆಕ್ಕವೂ ಬೇಡ. ಖನಿಜಗಳು ಮಾತ್ರ ಕ್ಲೋರೈಟ್, ಆಕ್ಟಿನೋಲೈಟ್, ಎಪಿಡೋಟ್, ಆಲ್ಬೈಟ್. ಬಸಾಲ್ಟ್ ಆರಿದಾಗ ಇವು ಹುಟ್ಟುವುದಿಲ್ಲ, ಆಮೇಲಿನ ರೂಪಾಂತರದಲ್ಲಿ, ಅಂದರೆ ಗಟ್ಟಿ ಕಲ್ಲು ಬಿಸಿ, ಒತ್ತಡಕ್ಕೆ ಸಿಕ್ಕಿ ಬದಲಾದಾಗ ಬಂದವು. ಇವುಗಳಿಂದ ಲೆಕ್ಕ ಹಾಕಿದರೆ ರೂಪಾಂತರದ ಬಿಸಿ ಸಿಗುತ್ತದೆಯೇ ಹೊರತು 1,100-1,200 ಡಿಗ್ರಿಯ ಲಾವಾದ್ದಲ್ಲ. ಲಾವಾದಲ್ಲೇ ಹುಟ್ಟುವ ಪೈರಾಕ್ಸೀನ್ ಖನಿಜದ ಕೆಡದ ಹರಳು ಎಲ್ಲಾದರೂ ಉಳಿದಿದ್ದರೆ ಅದೃಷ್ಟ.

ಅಂದಹಾಗೆ, ಕೋಟೆ ಸಂರಕ್ಷಿತ ಸ್ಮಾರಕ, ಮರಡಿಹಳ್ಳಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಎರಡೂ ಕಡೆ ಸುತ್ತಿಗೆ ಎತ್ತಬೇಡಿ. ಸುತ್ತಮುತ್ತ ಕಲ್ಲು ಕ್ವಾರಿಗಳಲ್ಲಿ ಕೇಳಿದರೆ ಹೊಸದಾಗಿ ಒಡೆದ, ಗಾಳಿ ಮಳೆಗೆ ಸವೆಯದ ತುಂಡು ಸಿಗುತ್ತದೆ. ಕಪ್ಪು ಚುಕ್ಕೆ ಉದ್ದುದ್ದ ಇರುವುದನ್ನು ಆರಿಸಿ, ಅದು ಹಾರ್ನ್‌ಬ್ಲೆಂಡ್ ಇರಬಹುದು. ಪದರ ಪದರವಾಗಿ ಏಳುವ ಕಪ್ಪು ಚುಕ್ಕೆ ಬಯೋಟೈಟ್, ಬರೀ ಅದೇ ಇರುವ ತುಂಡು ಬೇಡ.