ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ (ಕಿರಿದಾದ ಉದ್ದನೆಯ ದೋಣಿ) ಬಾಡಿಗೆಗೆ ತಗೊಂಡು ನಾವೇ ಓಡಿಸಬಹುದಾ? ದಿನಕ್ಕೆ ತುಂಬಾ ದೂರ ಹೋಗಬಹುದಾ?

ಓಡಿಸಬಹುದು, ರಜೆಗೆ ತಗೊಳ್ಳುವ ಬಾಡಿಗೆ ದೋಣಿಗೆ ಲೈಸೆನ್ಸ್ ಬೇಡ, ಹೊರಡುವ ಮೊದಲು ಅವರೇ ಹೇಳಿಕೊಡುತ್ತಾರೆ. ಚುಕ್ಕಾಣಿ ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಇದು ರೂಢಿಯಾಗೋಕೆ ಸ್ವಲ್ಪ ಹೊತ್ತು ಬೇಕು.

ದೂರದ ಆಸೆ ಮಾತ್ರ ಬಿಡಿ. ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ ಅಷ್ಟೇ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಇನ್ನೂ ನಿಧಾನ, ಇಲ್ಲದಿದ್ದರೆ ಒಳಗಿರುವವರ ಚಹಾ ಚೆಲ್ಲಿ ಬೈಸಿಕೊಳ್ಳುತ್ತೀರಿ. ಜಾಸ್ತಿ ಸಮಯ ತಿನ್ನೋದು ಲಾಕ್‌ಗಳು, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ, ಎರಡೂ ತುದಿಗೆ ಗೇಟಿರುವ ಕಟ್ಟೆಗಳು. ಒಳಗೆ ಹೋಗಿ, ಗೇಟು ಮುಚ್ಚಿ, ಹ್ಯಾಂಡಲ್ ತಿರುಗಿಸಿ ತೂಬು ತೆರೆದು, ನೀರು ಸಮ ಆಗುವವರೆಗೆ ಕಾಯಬೇಕು. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ ಇಂಥವು ಒಟ್ಟು 29, ಅಷ್ಟಕ್ಕೇ ಬೇಸಿಗೆಯ ಒಂದು ಹಗಲು ಹೋಯಿತು ಅನ್ನಿ. ಲಾಕ್‌ನಲ್ಲಿ ನೀರಿನ ಜೊತೆ ದೋಣಿ ಕೆಳಗಿಳಿಯುವಾಗ ಅದರ ಹಿಂಭಾಗ, ಹಿಂದಿನ ಗೇಟಿನ ಹತ್ತಿರ ಗುರುತು ಹಾಕಿರುವ ಗೆರೆಯಿಂದ ಮುಂದೆಯೇ ಇರಲಿ, ಆ ಗೇಟಿನ ಬುಡದಲ್ಲಿ ನೀರೊಳಗಿರುವ ಮೆಟ್ಟಿಲಿನಂಥ ಅಂಚಿಗೆ ಸಿಕ್ಕಿಕೊಂಡರೆ ದೋಣಿ ಮುಳುಗಲೂಬಹುದು.