ಒಡೆಯನೊಡನೆ ಪ್ರಾಣ ಬಿಡುವವನ ಸಂಕಟವನ್ನು ಇಂದಿನವರಿಗೆ ಹೇಳುವುದು ಹೇಗೆ?

ಪ್ರಶ್ನೆ: ಹೊಯ್ಸಳರ ಕಾಲದ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ದೊರೆ ಸತ್ತರೆ ತಾನೂ ಸಾಯುವುದಾಗಿ ಪ್ರತಿಜ್ಞೆ ಮಾಡಿದ ಗರುಡನೊಬ್ಬ, ಅಂದರೆ ದೊರೆಯ ಅಂಗರಕ್ಷಕ ವೀರ, ಅದರ ನಾಯಕ. ಹಸ್ತಪ್ರತಿ ಓದಿದ ಗೆಳೆಯರು ‘ಇದರಲ್ಲಿ ಧರ್ಮಸಂಕಟವೇನು ಬಂತು, ಅವನು ಬದುಕಿ ಹೆಂಡತಿ ಮಕ್ಕಳನ್ನು ಸಾಕಬೇಕಿತ್ತು’ ಎನ್ನುತ್ತಾರೆ. ಅವನ ಬಾಯಿಂದ ಇಂದಿನ ವಿಚಾರಗಳನ್ನು ಆಡಿಸಲೇ? ಅಥವಾ ಆ ಪದ್ಧತಿಯನ್ನು ನಾನು ಒಪ್ಪುವುದಿಲ್ಲವೆಂದು ಮುನ್ನುಡಿಯಲ್ಲಿ ಬರೆಯಲೇ?
— ಓದುಗರೊಬ್ಬರು, ಹಾಸನ

ಉತ್ತರ: ಎರಡನ್ನೂ ಮಾಡಬೇಡಿ. ಗರುಡನು ಇಂದಿನವರಂತೆ ಯೋಚಿಸತೊಡಗಿದ ಕ್ಷಣವೇ ಅವನಿಗೆ ಸಂಕಟವಿರುವುದಿಲ್ಲ; ಸರಿಯುತ್ತರ ಗೊತ್ತಿದ್ದೂ ಧೈರ್ಯ ಸಾಲದವನಾಗಿ ಮಾತ್ರ ಅವನು ಕಾಣಿಸುತ್ತಾನೆ.

ನಿಮ್ಮ ಊರಿನಿಂದ ಹಳೇಬೀಡು ದೂರವಿಲ್ಲ. ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಗರುಡಗಂಬವನ್ನು ಮತ್ತೊಮ್ಮೆ ನಿಂತು ನೋಡಿ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನೂ ಆ ದಂಡನಾಯಕನ ಪತ್ನಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಪ್ರಾಣವರ್ಪಿಸಿದರೆಂದು ಅಲ್ಲಿನ ಶಾಸನ ಹೇಳುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವವರ ಶಿಲ್ಪಗಳೂ ಕಂಬದ ಮೇಲಿವೆ. ಹೆಂಡತಿಯನ್ನು ಸಾಕಲು ಬದುಕಬೇಕಿತ್ತೆಂಬ ಗೆಳೆಯರ ಮಾತು ಇಲ್ಲಿಯೇ ಕಷ್ಟಕ್ಕೆ ಸಿಲುಕುತ್ತದೆ, ಏಕೆಂದರೆ ಹೆಂಡತಿಯೂ ಆ ಪ್ರತಿಜ್ಞೆಯೊಳಗೇ ಇದ್ದಾಳೆ. ದೊರೆ ತನ್ನನ್ನು ಮಗನಂತೆ ಸಾಕಿ ದೊಡ್ಡವನನ್ನಾಗಿ ಮಾಡಿದ್ದರೆ, ತನ್ನ ಅನ್ನವೂ ಪದವಿಯೂ ನೆಂಟರಿಷ್ಟರ ನಡುವಿನ ಮಾನವೂ ಆ ಒಂದು ಮಾತಿನ ಮೇಲೆಯೇ ನಿಂತಿದ್ದರೆ, ಬದುಕಿ ಉಳಿದ ಮರುದಿನ ಅವನು ಯಾರ ಮನೆಯ ಬಾಗಿಲಿಗೆ ಹೋಗಬೇಕು? ಕಾದಂಬರಿಕಾರರು ಈ ಮರುದಿನವನ್ನು ವಿವರವಾಗಿ ಕಟ್ಟಿದರೆ ಓದುಗರು ಪದ್ಧತಿಯನ್ನು ಒಪ್ಪದೆಯೂ ಅವನ ಸಂಕಟವನ್ನು ಒಪ್ಪುತ್ತಾರೆ. ಉಪ್ಪಿನ ಋಣವೆಂಬ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಬಳಕೆಯಲ್ಲಿದೆಯಲ್ಲವೇ?

ಆದರೆ ‘ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು’ ಎಂದು ಭಾವಿಸಿ ಬರೆಯುವುದು ಇನ್ನೂ ದೊಡ್ಡ ಅಪಾಯ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ದೇಕಬ್ಬೆಯ ಗಂಡ ಏಚನು ದಾಯಾದಿಯನ್ನು ಕೊಂದ ಕಾರಣಕ್ಕೆ ರಾಜಾಜ್ಞೆಯಿಂದ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾಗುತ್ತಾನೆ. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬೀಳಲು ನಿಶ್ಚಯಿಸುತ್ತಾಳೆ. ಹೆತ್ತವರೂ ಬಂಧುಗಳೂ ಬೇಡವೆಂದು ಅವಳನ್ನು ತಡೆಯುತ್ತಾರೆ, ಅವಳು ಕೇಳುವುದಿಲ್ಲ. ಅವಳನ್ನು ಹೊಗಳಲೆಂದೇ ಕೆತ್ತಿಸಿದ ಕಲ್ಲು ಕೂಡ ಆ ತಡೆಯನ್ನು ಮರೆಮಾಚಿಲ್ಲ! ಸತಿ ಪದ್ಧತಿಯನ್ನು ಬ್ರಿಟಿಷರ ಬಂಗಾಳದಲ್ಲಿ ಕಾನೂನಿನಿಂದ ನಿಷೇಧಿಸಿದ್ದು 1829ರಲ್ಲಿ, ಅಂದರೆ ಈ ತಂದೆತಾಯಿ ‘ಬೇಡ ಮಗಳೇ’ ಎಂದು ಅಂಗಲಾಚಿದ 700ಕ್ಕೂ ಹೆಚ್ಚು ವರ್ಷಗಳ ನಂತರ. ನಿಮ್ಮ ಕಥೆಯಲ್ಲಿ ಇಂದಿನ ಓದುಗರ ಪ್ರಶ್ನೆಯನ್ನು ಕೇಳಬೇಕಾದವರು ಇಂಥವರೇ. ಅವರು ವ್ಯಕ್ತಿಸ್ವಾತಂತ್ರ್ಯದ ಭಾಷೆಯನ್ನು ಆಡುವುದಿಲ್ಲ. ಮಗಳ ಮೇಲಿನ ಮಮತೆ, ವಯಸ್ಸಾದ ಮೇಲೆ ತಮಗೆ ಗತಿ ಯಾರೆಂಬ ಭಯ, ಇವುಗಳಿಂದಲೇ ಅವರ ಪ್ರತಿರೋಧ ಹುಟ್ಟಬೇಕು.

ಶಾಸನಗಳು ಮಾತು ಉಳಿಸಿಕೊಂಡವರನ್ನೇ ಕೊಂಡಾಡುತ್ತವೆ. ಹೆದರಿ ಹಿಂದೆ ಸರಿದವನಿಗಾಗಿ ಯಾರೂ ಕಂಬ ನಿಲ್ಲಿಸುವುದಿಲ್ಲ. ಆ ಸಾವಿರ ಮಂದಿಯ ಸಾಲಿನಲ್ಲಿ ಕೈ ನಡುಗಿದವನೊಬ್ಬನನ್ನು ಕಲ್ಪಿಸಿಕೊಳ್ಳುವ ಹಕ್ಕು ನಿಮಗಿದೆ, ಅದು ಚರಿತ್ರೆಗೆ ಬಗೆಯುವ ದ್ರೋಹವಲ್ಲ. ಅವನನ್ನು ನಾಯಕನ ಪಕ್ಕದಲ್ಲಿಯೇ ನಿಲ್ಲಿಸಿ, ಸಾಧ್ಯವಾದರೆ ಅವನ ತಮ್ಮನನ್ನಾಗಿ ಮಾಡಿ. ಸಾವನ್ನು ಮಾತ್ರ ಮೈ ಜುಮ್ಮೆನಿಸುವ ವರ್ಣನೆಯಿಂದ ಅಲಂಕರಿಸಬೇಡಿ. ನಾವು ದಾಟಿಬಂದೆವು ಎಂದುಕೊಂಡಿರುವುದು ಪೂರ್ತಿ ದಾಟಿದ್ದೇ ಅಲ್ಲ: ರಾಜಸ್ಥಾನದ ದೇವರಾಲದಲ್ಲಿ ಯುವತಿಯೊಬ್ಬಳು ಪತಿಯ ಚಿತೆಯಲ್ಲಿ ಸುಟ್ಟುಹೋದದ್ದು 1987ರಲ್ಲಿ. ಅದನ್ನು ವೈಭವೀಕರಿಸಲು ಜನ ಸೇರಿದ್ದರು, ಅದಾದ ಮೇಲೆ ವೈಭವೀಕರಣವನ್ನೂ ಅಪರಾಧವೆನ್ನುವ ಕೇಂದ್ರ ಕಾಯ್ದೆ ಬಂತು.

ಇನ್ನು ಮುನ್ನುಡಿಯ ಮಾತು. ಸುಗ್ಗಲದೇವಿಯಂಥ ಹೆಂಡತಿಗೆ ಒಂದು ಅಧ್ಯಾಯ ಕೊಡಿ. ಗಂಡನ ಪ್ರತಿಜ್ಞೆಯ ದಿನ ಅವಳನ್ನು ಯಾರಾದರೂ ಕೇಳಿದರೇ, ಕೇಳಿದ್ದರೆ ಅವಳು ಏನೆನ್ನುತ್ತಿದ್ದಳು ಎಂಬುದನ್ನು ಅಲ್ಲಿ ಬರೆಯಿರಿ. ಅದನ್ನು ಬರೆದ ಮೇಲೂ ಮುನ್ನುಡಿ ಬೇಕೆನಿಸಿದರೆ, ಬಳಸಿಕೊಂಡ ಶಾಸನಗಳು ಯಾವುವು ಎಂಬುದಷ್ಟನ್ನೇ ಅದರಲ್ಲಿ ತಿಳಿಸಿ.